ಕಟ್ಟಿದ ಭಾಷೆಗೆ ಫ್ಲ್ಯಾಶ್‌ಕಾರ್ಡ್: ಕಾರ್ಡ್ ಕಮ್ಮಿ ಮಾಡಿ, ಪದ ಜಾಸ್ತಿ ಕಲೀರಿ

ಎಸ್ಪೆರಾಂಟೊ ಅನ್ನೋ ಕಟ್ಟಿದ ಭಾಷೆ, ಅಂದ್ರೆ ಒಬ್ರು ಕೂತು ಯೋಚಿಸಿ ಮಾಡಿದ ಭಾಷೆ, ಕಲೀಬೇಕು ಅಂತ ಹೊರಟಾಗ ನಾನು ಮಾಡಿದ ಮೊದಲ ಕೆಲಸ ಅಂದ್ರೆ ಯಾರೋ ಮಾಡಿಟ್ಟಿದ್ದ ಎರಡು ಸಾವಿರ ಚಿಲ್ರೆ ಫ್ಲ್ಯಾಶ್‌ಕಾರ್ಡಿನ ಡೆಕ್ (ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ ಇರೋ ಕಾರ್ಡುಗಳ ಕಟ್ಟು) ಇಳಿಸ್ಕೊಂಡಿದ್ದು. ಮೂರು ವಾರ ಚೆನ್ನಾಗೇ ನಡೀತು, ಆಮೇಲೆ ಒಂದಿನ ಆ್ಯಪ್ ತೆಗೆದ್ರೆ ರಿವ್ಯೂಗೆ ನಾನೂರು ಕಾರ್ಡ್ ಕೂತಿತ್ತು, ಮುಚ್ಚಿಟ್ಟೆ, ಮತ್ತೆ ಎರಡು ತಿಂಗಳು ಆ ಕಡೆ ತಲೆ ಹಾಕ್ಲಿಲ್ಲ. ತಿರುಗಿ ಬಂದು ಆ ಡೆಕ್ ಒಳಗೆ ಏನಿದೆ ಅಂತ ಸರಿಯಾಗಿ ನೋಡಿದಾಗ ನಗು ಬಂತು. 'ಸಾನಾ' ಅಂದ್ರೆ ಆರೋಗ್ಯವಾಗಿರೋ ಅಂತ ಒಂದು ಕಾರ್ಡ್, 'ಮಾಲ್‌ಸಾನಾ' ಅಂದ್ರೆ ಕಾಯಿಲೆ ಬಿದ್ದಿರೋ ಅಂತ ಇನ್ನೊಂದು, 'ಮಾಲ್‌ಸಾನುಲೊ' ರೋಗಿ ಅಂತ ಮತ್ತೊಂದು, 'ಮಾಲ್‌ಸಾನುಲೆಯೊ' ಆಸ್ಪತ್ರೆ ಅಂತ ನಾಲ್ಕನೇದು. ಇದು ನಾಲ್ಕು ಪದ ಅಲ್ಲವೇ ಅಲ್ಲ, ಒಂದೇ ಪದ, ಅದಕ್ಕೆ ಮೂರು ಪ್ರತ್ಯಯ ಅಂಟಿಸಿದಾರೆ ಅಷ್ಟೇ. ಆ ಒಂದು ಪದ ಮತ್ತೆ ಆ ಮೂರು ಪ್ರತ್ಯಯ ಗೊತ್ತಿದ್ರೆ ಆಸ್ಪತ್ರೆನ ನಾನೇ ಕಟ್ಕೋಬಹುದಿತ್ತು!

ನಾನು ಹೇಳೋದೆಲ್ಲಾ ಹೆಚ್ಚುಕಮ್ಮಿ ಇಷ್ಟೇ. ಮಾತಾಡ್ತಾ ಮಾತಾಡ್ತಾ ಬೆಳೆದ ಭಾಷೇಲಿ ಪದಗಳನ್ನ ಒಂದೊಂದಾಗಿ ಬಾಯಿಪಾಠ ಮಾಡದೆ ಬೇರೆ ದಾರಿ ಕಮ್ಮಿ, ಆದ್ರೆ ಯಾರೋ ಒಬ್ರು ಕೂತು ಯೋಚನೆ ಮಾಡಿ ಕಟ್ಟಿದ ಭಾಷೇಲಿ ಕಟ್ಟಿದ ರೀತಿನೇ ಅರ್ಧ ಪಾಠ. ಆ ರೀತಿ ನೋಡ್ಕೊಂಡು ಕಾರ್ಡ್ ಮಾಡಿದ್ರೆ ಕೆಲಸ ಅರ್ಧ ಆಗುತ್ತೆ, ಸುಮ್ನೆ ಡಿಕ್ಷನರಿನ ಕಾರ್ಡಿಗೆ ಸುರಿದ್ರೆ ಡಬಲ್ ಆಗುತ್ತೆ.

ಹೆಜ್ಜೆ 1: ನಿಮ್ಮ ಭಾಷೆ ಹೇಗೆ ಕಟ್ಟಿದಾರೆ ಅಂತ ಮೊದಲು ನೋಡಿ

ಕಾರ್ಡ್ ಮಾಡೋಕೆ ಮುಂಚೆ ಒಂದು ಗಂಟೆ ಇದಕ್ಕೆ ಕೊಡಿ, ವೇಸ್ಟ್ ಆಗಲ್ಲ.

ಎಸ್ಪೆರಾಂಟೊನ ಜಾಮೆನ್‌ಹೋಫ್ ಅನ್ನೋ ಕಣ್ಣಿನ ಡಾಕ್ಟರು 1887ರಲ್ಲಿ ಹೊರಗೆ ತಂದಿದ್ದು. ಅದ್ರಲ್ಲಿ ನಾಮಪದ ಎಲ್ಲಾ 'ಒ' ಅಂತ ಮುಗಿಯುತ್ತೆ, ಗುಣವಾಚಕ 'ಆ', ಕ್ರಿಯೆಯ ಮೂಲ ರೂಪ 'ಇ'. ವರ್ತಮಾನಕ್ಕೆ 'ಆಸ್', ಭೂತಕ್ಕೆ 'ಇಸ್', ಭವಿಷ್ಯಕ್ಕೆ 'ಓಸ್', ಇದಕ್ಕೆ ಅಪವಾದನೇ ಇಲ್ಲ. ಇಲ್ಲಿ ಕಾರ್ಡ್ ಮಾಡ್ಬೇಕಾಗಿರೋದು ಮೂಲ ಪದಕ್ಕೆ ಮತ್ತೆ ಪ್ರತ್ಯಯಕ್ಕೆ.

ತೋಕಿ ಪೋನಾ ಇದಕ್ಕೆ ಪೂರ್ತಿ ಉಲ್ಟಾ ಜಾತಿ. ಸೋನ್ಯಾ ಲ್ಯಾಂಗ್ ಅನ್ನೋರು 2001ರಲ್ಲಿ ಶುರು ಮಾಡಿದ್ದು, ಬರೀ 14 ಅಕ್ಷರ, 2014ರ ಪುಸ್ತಕದಲ್ಲಿರೋದು 120ರ ಆಸುಪಾಸು ಪದ. ದಿನಕ್ಕೆ 5 ಹೊಸ ಕಾರ್ಡ್ ಅಂದ್ರೂ 24 ದಿನದಲ್ಲಿ ಡೆಕ್ ಖಾಲಿ. ಆದ್ರೆ ಒಂದೊಂದು ಪದದ ಹೊಟ್ಟೆಯೊಳಗೆ ಹತ್ತು ಅರ್ಥ ಇರುತ್ತೆ, ಕಷ್ಟ ಇರೋದು ಅಲ್ಲಿ.

ಲೋಜ್ಬಾನ್ 1987ರಿಂದ ಇರೋ ತರ್ಕದ ಭಾಷೆ. ಅದ್ರ ಮೂಲ ಪದಗಳು ಸುಮಾರು 1350, ಪ್ರತಿಯೊಂದಕ್ಕೂ ಸರಿಯಾಗಿ ಐದೇ ಅಕ್ಷರ. ಪದದ ಅರ್ಥ ಗೊತ್ತಿದ್ರೆ ಸಾಲಲ್ಲ, ಅದ್ರ ಅಕ್ಕಪಕ್ಕ ಯಾವ ಜಾಗದಲ್ಲಿ ಯಾರು ಕೂರ್ತಾರೆ ಅನ್ನೋದೂ ಗೊತ್ತಿರ್ಬೇಕು. 'ಕ್ಲಾಮಾ' ಅಂದ್ರೆ ಹೋಗೋದು/ಬರೋದು ಅಂತ ಬರೆದ್ರೆ ಆ ಕಾರ್ಡ್ ಅರ್ಧಂಬರ್ಧ. ಹೋಗೋರು ಯಾರು, ಎಲ್ಲಿಗೆ, ಎಲ್ಲಿಂದ, ಯಾವ ದಾರೀಲಿ, ಯಾವುದ್ರಲ್ಲಿ ಅಂತ ಐದು ಜಾಗ ಇವೆ, ಅದೂ ಅದೇ ಆರ್ಡರಲ್ಲಿ. ಹಾಗಾಗಿ ಲೋಜ್ಬಾನ್ ಕಾರ್ಡಿನ ಹಿಂದೆ ಒಂದು ಪುಟ್ಟ ವಾಕ್ಯ ಇರ್ಲೇಬೇಕು, ಮೊದಲ ಎರಡು ಜಾಗ ತುಂಬಿದ್ರೆ ಸದ್ಯಕ್ಕೆ ಸಾಕು.

ಹೆಜ್ಜೆ 2: ಯಾವುದಕ್ಕೆ ಕಾರ್ಡ್ ಬೇಕು, ಯಾವುದಕ್ಕೆ ಬೇಡ

ಇದಕ್ಕೆ ನಂದೊಂದು ಸಿಂಪಲ್ ಟೆಸ್ಟ್ ಇದೆ. ಹೊಸ ಪದ ಸಿಕ್ಕಾಗ ಡಿಕ್ಷನರಿ ನೋಡೋಕೆ ಮುಂಚೆ ಅದನ್ನ ಬಿಡಿಸಿ ಅರ್ಥ ಊಹೆ ಮಾಡಿ. ಊಹೆ ಸರಿ ಇದ್ರೆ ಕಾರ್ಡ್ ಬೇಡ, ತಪ್ಪಿದ್ರೆ ಮಾತ್ರ ಕಾರ್ಡ್.

ಎಸ್ಪೆರಾಂಟೊದಲ್ಲಿ 'ತ್ರಾಂಚಿ' ಅಂದ್ರೆ ಕತ್ತರಿಸೋದು, 'ಇಲ್' ಅನ್ನೋ ಪ್ರತ್ಯಯ ಸಾಧನಕ್ಕೆ, ಹಂಗಾಗಿ 'ತ್ರಾಂಚಿಲೊ' ಚಾಕು. 'ಶ್ಲೋಸಿ' ಬೀಗ ಹಾಕೋದು, 'ಶ್ಲೋಸಿಲೊ' ಬೀಗದ ಕೈ. 'ಲೆರ್ನಿ' ಕಲಿಯೋದು, 'ಎಯ್' ಜಾಗಕ್ಕೆ, ಹಂಗಾಗಿ 'ಲೆರ್ನೆಯೊ' ಶಾಲೆ. ಇವ್ಯಾವುದಕ್ಕೂ ಬೇರೆ ಕಾರ್ಡ್ ಬೇಡ. ಆದ್ರೆ 'ಎಲ್‌ದೋನಿ' ನೋಡಿ, 'ಎಲ್' ಅಂದ್ರೆ ಒಳಗಿಂದ ಹೊರಗೆ, 'ದೋನಿ' ಅಂದ್ರೆ ಕೊಡೋದು, ಹೊರಗೆ ಕೊಡೋದು ಅಂತ ಊಹಿಸ್ತೀರಿ, ನಿಜವಾದ ಅರ್ಥ ಪುಸ್ತಕ ಪ್ರಕಟ ಮಾಡೋದು. ಇದಕ್ಕೆ ಕಾರ್ಡ್ ಬೇಕು. 'ಮಾಲ್‌ಗ್ರಾವ್' ಇನ್ನೂ ಕಿಲಾಡಿ, ನೋಡೋಕೆ ವಿರುದ್ಧಾರ್ಥದ 'ಮಾಲ್' ಸೇರಿರೋ ಹಾಗೆ ಕಾಣುತ್ತೆ, ಆದ್ರೆ ಅದು ಹಾಗೇ ಒಂದು ಇಡೀ ಪದ, 'ಹೀಗಿದ್ರೂ ಕೂಡ' ಅನ್ನೋ ಅರ್ಥ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿದೀನಿ. ಮೂಲ ಪದ ಹುಟ್ಟಿದ್ದು ವಸ್ತುವಾಗೋ ಕ್ರಿಯೆಯಾಗೋ ಅನ್ನೋದು ಎಸ್ಪೆರಾಂಟೊದಲ್ಲಿ ಮುಖ್ಯ. ಸುತ್ತಿಗೆ 'ಮಾರ್ತೆಲೊ', ಅದು ಹುಟ್ಟಾ ವಸ್ತು, ಅದಕ್ಕೆ 'ಇಲ್' ಸೇರಿಸೋ ಹಾಗಿಲ್ಲ. ಬಾಚಣಿಗೆ ವಿಷಯದಲ್ಲಿ ಮೂಲ ಇರೋದು 'ಕೋಂಬಿ', ಬಾಚೋದು, ಹಂಗಾಗಿ ಬಾಚಣಿಗೆ 'ಕೋಂಬಿಲೊ'. 'ಕೋಂಬೊ' ಅಂದ್ರೆ ಬಾಚೋ ಕ್ರಿಯೆ ಆಗೋಗುತ್ತೆ. ಅದಕ್ಕೇ ಕಾರ್ಡಲ್ಲಿ ಬರೀ 'ಕೋಂಬ್' ಅಂತ ಬೋಳು ಮೂಲ ಬರೀಬೇಡಿ, ಡಿಕ್ಷನರೀಲಿ ಇರೋ ತುದಿ ಸಮೇತ ಬರೀರಿ.

ತೋಕಿ ಪೋನಾದಲ್ಲಿ ಎರಡು ಪದ ಜೋಡಿಸಿದ್ದಕ್ಕೆ ಕಾರ್ಡೇ ಮಾಡ್ಬೇಡಿ ಅಂತ ನನ್ನ ಖಡಾಖಂಡಿತ ಅಭಿಪ್ರಾಯ. 'ತೋಮೊ ತಾವಾ' ಅಂದ್ರೆ ಓಡಾಡೋ ಮನೆ, ಕಾರ್ ಅಂತ ಸುಮಾರು ಜನ ಬಳಸ್ತಾರೆ ನಿಜ, ಆದ್ರೆ ಅದನ್ನ 'ಕಾರ್ = ತೋಮೊ ತಾವಾ' ಅಂತ ಗಟ್ಟಿ ಮಾಡಿಟ್ರೆ ಆ ಭಾಷೆಯ ಮಜಾನೇ ಹೋಯ್ತು, ಕಾರನ್ನ ಆ ಕ್ಷಣಕ್ಕೆ ನೀವು ಹೇಗೆ ನೋಡ್ತೀರೋ ಹಾಗೆ ಹೇಳೋಕೇ ಅಲ್ವಾ ಆ ಭಾಷೆ ಇರೋದು.

ಹೆಜ್ಜೆ 3: ಕಾರ್ಡ್ ಬರೆಯೋದು

ಒಂದು ಕಾರ್ಡ್, ಒಂದು ಪ್ರಶ್ನೆ, ಒಂದು ಉತ್ತರ. ಐದು ಅರ್ಥ ಕಾಮಾ ಹಾಕಿ ಬರೆದ್ರೆ ಮೂರು ನೆನಪಾಗಿ ಎರಡು ಮರೆತಾಗ ಸರಿ ಅಂತ ಒತ್ತಬೇಕೋ ತಪ್ಪು ಅಂತ ಒತ್ತಬೇಕೋ ಗೊತ್ತಾಗಲ್ಲ.

ಹಂಗಾದ್ರೆ ತೋಕಿ ಪೋನಾದ 'ತೇಲೊ' ತರದ್ದಕ್ಕೆ ಏನ್ ಮಾಡೋದು? ಅದು ನೀರು, ಯಾವುದೇ ದ್ರವ, ತೊಳೆಯೋದು ಎಲ್ಲಾ ಹೌದು. ನಾನು ಇಂಥದ್ದಕ್ಕೆ ಅರ್ಥ ಬರೆಯೋದನ್ನೇ ಬಿಟ್ಟು ಮೂರು ಚಿತ್ರ ಹಾಕ್ತೀನಿ, ಲೋಟ, ಮಳೆ, ಕೈ ತೊಳೀತಿರೋದು, ಮೂರಕ್ಕೂ ಹೊಂದೋದು ಏನು ಅನ್ನೋದೇ ಪ್ರಶ್ನೆ. ತೋಕಿ ಪೋನಾಗೆ 'ಸೀತೇಲೆನ್ ಪೋನಾ' ಅಂತ ಚಿತ್ರಲಿಪಿನೂ ಇದೆ, ಪದಕ್ಕೊಂದು ಗುರುತು, ಅದನ್ನೂ ಕಾರ್ಡಿನ ಮೂಲೇಲಿ ಹಾಕಿದ್ರೆ ಪುಕ್ಕಟೆ ಲಿಪಿನೂ ಬರುತ್ತೆ.

ಕನ್ನಡ ಅರ್ಥನೇ ಬರೀರಿ, ಇಂಗ್ಲಿಷ್ ಬೇಡ. ಸಿಗೋ ಡೆಕ್ ಹೆಚ್ಚಿನವು ಇಂಗ್ಲಿಷ್‌ನಲ್ಲಿ ಇರೋದ್ರಿಂದ ನಾವೂ ಸುಮ್ನೆ ಇಂಗ್ಲಿಷ್ ಮೂಲಕ ಸುತ್ತಿ ಹೋಗ್ತೀವಿ, ಇದ್ರಿಂದ ಲಾಸ್ ನಮಗೇ. ಎಸ್ಪೆರಾಂಟೊದ 'ಎನ್' ಪ್ರತ್ಯಯ ಇದೆಯಲ್ಲ, 'ಮಿ ವಿದಾಸ್ ಹುಂದೋನ್', ನಾನು ನಾಯಿಯನ್ನು ನೋಡ್ತೀನಿ, ಇದನ್ನ ಇಂಗ್ಲಿಷ್ ಮಾತಾಡೋರಿಗೆ ಪುಟಗಟ್ಟಲೆ ವಿವರಿಸ್ಬೇಕು, ನಮಗೆ 'ಅದು ಅನ್ನು, ದ್ವಿತೀಯಾ ವಿಭಕ್ತಿ' ಅಂದ್ರೆ ಮುಗೀತು. ಎಸ್ಪೆರಾಂಟೊದಲ್ಲಿ 45 ಪದದ ಒಂದು ಕೋಷ್ಟಕ ಇದೆ, ಎಲ್ಲರೂ ಹೆದರೋದು ಅದಕ್ಕೇ. 'ತಿಯೆ' ಅಲ್ಲಿ, 'ಕಿಯೆ' ಎಲ್ಲಿ. 'ತಿಯೋಮ್' ಅಷ್ಟು, 'ಕಿಯೋಮ್' ಎಷ್ಟು. 'ತಿಯೆಲ್' ಹಾಗೆ, 'ಕಿಯೆಲ್' ಹೇಗೆ. 'ತಿಯಾಮ್' ಆಗ, 'ಕಿಯಾಮ್' ಯಾವಾಗ. ಇದನ್ನ ನಾವು ಹುಟ್ಟಿದಾಗಿಂದ ಮಾಡ್ತಾನೇ ಇದೀವಿ ಅಲ್ವಾ! 45 ಕಾರ್ಡ್ ಬೇಡ, ಮುಂದಿನ ತುಂಡು 5, ಹಿಂದಿನ ತುಂಡು 9, ಒಟ್ಟು 14 ಕಾರ್ಡ್ ಸಾಕು.

ಕಲಿಯೋ ಭಾಷೆಯ ಪದನ ಮಾತ್ರ ಆ ಭಾಷೆ ಬಳಸೋ ರೋಮನ್ ಅಕ್ಷರದಲ್ಲೇ ಬರೀರಿ, ನಾಳೆ ಓದೋಕೆ ಸಿಗೋದು ಅದೇ ರೂಪದಲ್ಲಿ. ಕನ್ನಡ ಅಕ್ಷರದಲ್ಲಿ ಉಚ್ಚಾರಣೆ ಬೇಕಿದ್ರೆ ಮೊದಲ ಎರಡು ವಾರ ಸಣ್ಣದಾಗಿ ಕೆಳಗೆ ಬರ್ಕೊಳ್ಳಿ, ಆಮೇಲೆ ತೆಗೆದುಬಿಡಿ. ಎಸ್ಪೆರಾಂಟೊದ ಟೋಪಿ ಹಾಕಿರೋ ಅಕ್ಷರಗಳನ್ನ (ĉ, ŝ ತರದವು) ಟೋಪಿ ಸಮೇತ ಟೈಪ್ ಮಾಡಿ, ಸೋಮಾರಿತನ ಬೇಡ.

ಹೆಜ್ಜೆ 4: ಪದಕ್ಕೊಂದು ಕೊಕ್ಕೆ

1975ರಲ್ಲಿ ಅಟ್ಕಿನ್ಸನ್ ಮತ್ತು ರಾಗ್ ಅನ್ನೋ ಇಬ್ರು ಸಂಶೋಧಕರು ಇಂಗ್ಲಿಷ್ ಮಾತಾಡೋ ವಿದ್ಯಾರ್ಥಿಗಳಿಗೆ ರಷ್ಯನ್ ಪದ ಕಲಿಸೋವಾಗ ಒಂದು ಉಪಾಯ ಪರೀಕ್ಷೆ ಮಾಡಿದ್ರು, ಹೊಸ ಪದದ ತರ ಕೇಳಿಸೋ ಗೊತ್ತಿರೋ ಪದ ಒಂದು ಹುಡ್ಕೋದು, ಎರಡನ್ನೂ ಸೇರಿಸಿ ಮನಸ್ಸಲ್ಲಿ ಒಂದು ಚಿತ್ರ ಮಾಡ್ಕೊಳ್ಳೋದು. ಹಾಗೆ ಕಲಿತೋರಿಗೆ ಜಾಸ್ತಿ ನೆನಪಿತ್ತು. ಇದನ್ನ ಕನ್ನಡದಲ್ಲಿ ಮಾಡಿ ನೋಡಿ, ಅದ್ರಲ್ಲೂ ತೋಕಿ ಪೋನಾಗೆ, ಯಾರೋ ನಮಗೋಸ್ಕರನೇ ಮಾಡಿದಾರೇನೋ ಅನ್ಸುತ್ತೆ.

'ಆಲಾ' ಅಂದ್ರೆ ಅಲ್ಲ, ಇಲ್ಲ. 'ಸಾಮಾ' ಅಂದ್ರೆ ಸಮ, ಒಂದೇ ತರ. 'ಸುವಿ' ಅಂದ್ರೆ ಸಿಹಿ, ನಮ್ಮ ಸವಿ. 'ಓಲಿನ್' ಅಂದ್ರೆ ಪ್ರೀತಿ, ಒಲವು! 'ಮೋಕು' ತಿನ್ನೋದು, ಮುಕ್ಕು. 'ಉತಾ' ಅಂದ್ರೆ ಬಾಯಿ, ಊಟ ಹೋಗೋದು ಅಲ್ಲಿಗೇ. 'ಕಾಸಿ' ಗಿಡ, ಕಸಿ ಮಾಡೋದು ಗಿಡಕ್ಕೆ. 'ಲೀಪು' ಪುಸ್ತಕ, ಹಾಳೆ, ಅದ್ರ ಮೇಲೆ ಇರೋದು ಲಿಪಿ. 'ಮುತೆ' ಅಂದ್ರೆ ಬಹಳ, ಮೂಟೆಗಟ್ಟಲೆ. 'ಪಾಲಿ' ಕೆಲಸ, ರಾತ್ರಿ ಪಾಳಿ ನೆನಪಿಸ್ಕೊಳ್ಳಿ. 'ತೇಲೊ' ನೀರು, ಅದ್ರ ಮೇಲೆ ತೇಲು. 'ನಾಸಾ' ಅಂದ್ರೆ ವಿಚಿತ್ರ, ತಲೆ ಕೆಟ್ಟ, ನಶೆ ಏರಿದ. ಇದ್ರಲ್ಲಿ ಬಹುಪಾಲು ಕಾಕತಾಳೀಯ, ಪದದ ಇತಿಹಾಸ ಅಂತ ಯಾರ ಹತ್ರಾನೂ ವಾದ ಮಾಡೋಕೆ ಹೋಗ್ಬೇಡಿ, ನೆನಪಿಗೆ ಸಿಕ್ಕಿದ್ರೆ ಸಾಕು.

ಎಸ್ಪೆರಾಂಟೊದಲ್ಲಿ ಸಿಗೋ ಹೋಲಿಕೆ ಬೇರೆ ತರದ್ದು. ಅದ್ರ ಪದಗಳು ಯುರೋಪಿನ ಭಾಷೆಗಳಿಂದ ಬಂದಿರೋದು, ಆ ಭಾಷೆಗಳಿಗೂ ಸಂಸ್ಕೃತಕ್ಕೂ ನೆಂಟಸ್ತಿಕೆ ಇರೋದ್ರಿಂದ ನಾವು ಕನ್ನಡದಲ್ಲಿ ಬಳಸೋ ಸಂಸ್ಕೃತ ಪದಗಳು ಕೈ ಹಿಡಿಯುತ್ವೆ. 'ದೆಂತೊ' ದಂತ, 'ನಾಜೊ' ನಾಸಿಕ, 'ನೋಮೊ' ನಾಮ, 'ನೋವಾ' ನವ ಅಂದ್ರೆ ಹೊಸ, 'ಯೂನಾ' ಯುವ. ಇಲ್ಲಿ ಹೋಲಿಕೆ ನಿಜವಾದ ರಕ್ತಸಂಬಂಧ.

ಆದ್ರೆ ಮೋಸ ಮಾಡೋ ಪದಗಳೂ ಇವೆ. ಎಸ್ಪೆರಾಂಟೊದ 'ನಿ' ಅಂದ್ರೆ ನಾವು, ನೀನು ಅಲ್ಲ. ಇದ್ರಲ್ಲಿ ನಾನು ಎಷ್ಟು ಸಲ ಎಡವಿದೀನೋ ಲೆಕ್ಕ ಇಲ್ಲ. 'ಇಲಿ' ಅಂದ್ರೆ ಅವರು, ಅದನ್ನ ಮರೆಯೋಕೆ ಆಗಲ್ಲ ಬಿಡಿ, ಕಾರ್ಡಲ್ಲಿ ಇಲಿಗಳ ಗುಂಪಿನ ಚಿತ್ರ ಹಾಕಿದೀನಿ. ತೋಕಿ ಪೋನಾದ 'ಕಾಲಾ' ಅಂದ್ರೆ ಮೀನು, ಕಾಲಕ್ಕೆ ಬೇರೆ ಪದ ಇದೆ, 'ತೆನ್ಪೊ'. 'ಮಾಮಾ' ಅಂದ್ರೆ ಅಪ್ಪ ಅಮ್ಮ ಇಬ್ಬರಲ್ಲಿ ಯಾರಾದ್ರೂ, ಸೋದರಮಾವ ಅಲ್ಲ. ಇಂಥ ಪದಕ್ಕೆ ಕಾರ್ಡಲ್ಲಿ ಕೆಂಪಲ್ಲಿ ಒಂದು ಎಚ್ಚರಿಕೆ ಬರೆದಿಟ್ಕೊಳ್ಳಿ.

ಕೊಕ್ಕೆ ಎಲ್ಲಾ ಪದಕ್ಕೂ ಬೇಡ, ಸಿಗದೇ ಇದ್ರೆ ಎಳೆದಾಡಿ ಮಾಡ್ಬೇಡಿ. ಎರಡು ಸಲ ಮರೆತ ಪದಕ್ಕೆ ಮಾತ್ರ ಕೂತು ಹುಡುಕಿ.

ಹೆಜ್ಜೆ 5: ಎರಡೂ ಕಡೆಯಿಂದ ಕೇಳಿ, ಆಮೇಲೆ ಕಟ್ಟಿಸಿ

ಆ ಭಾಷೆಯಿಂದ ಕನ್ನಡಕ್ಕೆ ಅನ್ನೋ ಕಾರ್ಡ್ ಸುಲಭ, ಓದೋಕೆ ಸಾಕು. ಕನ್ನಡದಿಂದ ಆ ಭಾಷೆಗೆ ಅನ್ನೋದು ಕಷ್ಟ, ಮಾತಾಡೋಕೆ ಬರೆಯೋಕೆ ಅದೇ ಬೇಕು. ತೋಕಿ ಪೋನಾ ತರ ಚಿಕ್ಕದಕ್ಕೆ ಮೊದಲ ದಿನದಿಂದ ಎರಡೂ ಇಡಿ. ಎಸ್ಪೆರಾಂಟೊ, ಲೋಜ್ಬಾನಿಗೆ ಮೊದಲು ಓದೋ ಕಡೆ, ಒಂದೆರಡು ವಾರ ಬಿಟ್ಟು ಉಲ್ಟಾ ಕಡೆ.

ಇದ್ರ ಮೇಲೆ ಮೂರನೇ ಜಾತಿಯ ಕಾರ್ಡ್ ಒಂದಿದೆ, ನಾನು 'ಕಟ್ಟೋ ಕಾರ್ಡ್' ಅಂತೀನಿ, ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ. ಮುಂದೆ 'ಆಸ್ಪತ್ರೆ, ತುಂಡು ತುಂಡಾಗಿ ಹೇಳು' ಅಂತ ಇರುತ್ತೆ, ಹಿಂದೆ 'ಮಾಲ್ + ಸಾನ್ + ಉಲ್ + ಎಯ್ + ಒ', ಉಲ್ಟಾ, ಆರೋಗ್ಯ, ವ್ಯಕ್ತಿ, ಜಾಗ, ನಾಮಪದ. ಒಂದೊಂದು ಪ್ರತ್ಯಯಕ್ಕೆ ಇಂಥವು ಎರಡೋ ಮೂರೋ ಮಾತ್ರ ಮಾಡಿ. ಉದ್ದೇಶ ಆಸ್ಪತ್ರೆ ಕಲಿಯೋದಲ್ಲ, ಕಟ್ಟೋ ಕೈ ಪಳಗೋದು. ಆ ಕಾರ್ಡ್ ಯೋಚ್ನೆ ಮಾಡದೆ ಬಾಯಿಗೆ ಬರೋಕೆ ಶುರುವಾದಾಗ ಅದನ್ನ ಡಿಲೀಟ್ ಮಾಡಿ ಹೊಸದು ಹಾಕಿ, ಯಾಕಂದ್ರೆ ಆಗ ನೀವು ಕಟ್ತಿಲ್ಲ, ಬಾಯಿಪಾಠ ಒಪ್ಪಿಸ್ತಿದೀರಿ.

ಉತ್ತರ ಜೋರಾಗಿ ಹೇಳಿ, ಆಮೇಲೆ ಕಾರ್ಡ್ ತಿರುಗಿಸಿ. ಎಸ್ಪೆರಾಂಟೊದಲ್ಲಿ ಒತ್ತು ಯಾವಾಗಲೂ ಕೊನೆಯಿಂದ ಎರಡನೇ ಸ್ವರದ ಮೇಲೆ, ತೋಕಿ ಪೋನಾದಲ್ಲಿ ಮೊದಲನೇದರ ಮೇಲೆ. ಕೇಳೋಕೆ ಯಾರೂ ಸಿಗದೇ ಇದ್ರೆ ಇಸ್ಪೀಕ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಎಸ್ಪೆರಾಂಟೊ, ಲೋಜ್ಬಾನ್ ಎರಡೂ ಧ್ವನಿ ಇವೆ, ರೋಬೋ ಥರ ಮಾತಾಡುತ್ತೆ, ಪರವಾಗಿಲ್ಲ.

ಹೆಜ್ಜೆ 6: ದಿನದ ಲೆಕ್ಕ

ಪೇಪರ್ ಕಾರ್ಡ್ ಇಷ್ಟ ಇದ್ರೆ ಲೈಟ್ನರ್ ಪದ್ಧತಿ ಇದೆ, ಸೆಬಾಸ್ಟಿಯನ್ ಲೈಟ್ನರ್ ಅನ್ನೋರು 1972ರಲ್ಲಿ ಹೇಳ್ಕೊಟ್ಟಿದ್ದು. ಐದು ಡಬ್ಬಿ ಇಟ್ಕೊಳ್ಳಿ, ಸರಿ ಹೇಳಿದ ಕಾರ್ಡ್ ಮುಂದಿನ ಡಬ್ಬಿಗೆ, ತಪ್ಪಿದ್ದು ಎಲ್ಲೇ ಇದ್ರೂ ಮೊದಲನೇ ಡಬ್ಬಿಗೆ ವಾಪಸ್. ಮೊದಲನೇದನ್ನ ದಿನಾ ನೋಡೋದು, ಎರಡನೇದು ಎರಡು ದಿನಕ್ಕೆ, ಮೂರನೇದು ನಾಲ್ಕು ದಿನಕ್ಕೆ, ಹೀಗೆ ಡಬಲ್ ಮಾಡ್ತಾ ಹೋಗಿ. 120 ಪದದ ತೋಕಿ ಪೋನಾಗೆ ಇದು ಹೇಳಿ ಮಾಡಿಸಿದ ಹಾಗಿದೆ, ಫೋನ್ ಬೇಕಾಗೇ ಇಲ್ಲ.

ದೊಡ್ಡ ಭಾಷೆಗೆ ಆಂಕಿ ಹಾಕ್ಕೊಳ್ಳಿ, 2006ರಿಂದ ಇರೋ ಆ್ಯಪ್, ಜಪಾನಿ ಭಾಷೇಲಿ ಆಂಕಿ ಅಂದ್ರೆ ಬಾಯಿಪಾಠ ಅಂತಾನೇ ಅರ್ಥ. ಹಾಕ್ಕೊಂಡ ತಕ್ಷಣ ದಿನಕ್ಕೆ 20 ಹೊಸ ಕಾರ್ಡ್ ಅಂತ ಅದು ತಾನೇ ಇಟ್ಕೊಂಡಿರುತ್ತೆ, ಅದನ್ನ 10ಕ್ಕೆ ಇಳಿಸಿ. ದಿನಕ್ಕೆ 10 ಮೂಲ ಪದ ಅಂದ್ರೂ 50 ದಿನಕ್ಕೆ 500, ಪ್ರತ್ಯಯ ಜೋಡಿಸಿದ್ರೆ ಅದ್ರ ಎಷ್ಟೋ ಪಟ್ಟು. ಸೆಟ್ಟಿಂಗ್ಸಲ್ಲಿ ಎಫ್‌ಎಸ್‌ಆರ್‌ಎಸ್ ಅಂತ, ಯಾವ ಕಾರ್ಡ್ ಯಾವಾಗ ತೋರಿಸ್ಬೇಕು ಅನ್ನೋ ಹೊಸ ಲೆಕ್ಕಾಚಾರ ಇದೆ, ಆನ್ ಮಾಡಿ ಬಿಟ್ಟುಬಿಡಿ, ಅದ್ರಲ್ಲಿ ಬೆರಳಾಡಿಸ್ತಾ ಸಂಜೆಗಟ್ಟಲೆ ಕಳೆಯೋರನ್ನ ನೋಡಿದೀನಿ, ಪದ ಮಾತ್ರ ಒಂದೂ ಕಲಿತಿರಲ್ಲ.

'ಇದು ಬಂತು' ಅಂತ ಕಾರ್ಡನ್ನ ಬೇಗ ಕಿತ್ತಾಕ್ಬೇಡಿ. 2008ರಲ್ಲಿ ಕಾರ್ಪಿಕಿ ಮತ್ತು ರೋಡಿಗರ್ 40 ಸ್ವಾಹಿಲಿ ಪದ ಇಟ್ಕೊಂಡು ಒಂದು ಪ್ರಯೋಗ ಮಾಡಿದ್ರು. ಒಂದು ಸಲ ಸರಿ ಹೇಳಿದ ಮೇಲೂ ಆ ಪದನ ಮತ್ತೆ ಮತ್ತೆ ಪರೀಕ್ಷೆ ಮಾಡ್ಕೊಂಡೋರಿಗೆ ವಾರ ಬಿಟ್ಟು ಕೇಳಿದಾಗ ಸುಮಾರು 80% ನೆನಪಿತ್ತು, ಪರೀಕ್ಷೆ ಬಿಟ್ಟು ಬರೀ ಓದ್ಕೊಂಡು ಹೋದೋರಿಗೆ ಮೂರನೇ ಒಂದು ಭಾಗದ ಹತ್ರ ಅಷ್ಟೇ. ಕಾರ್ಡ್ ತಿರುಗಿಸಿ ಓದೋದು ಕಲಿಕೆ ಅಲ್ಲ, ತಿರುಗಿಸೋಕೆ ಮುಂಚೆ ಒದ್ದಾಡೋ ಆ ಐದು ಸೆಕೆಂಡೇ ಕಲಿಕೆ.

ಹೆಜ್ಜೆ 7: ಕಾಟ ಕೊಡೋ ಕಾರ್ಡುಗಳು

ತೋಕಿ ಪೋನಾದಲ್ಲಿ ಅಕ್ಷರ ಕಮ್ಮಿ, ಹಂಗಾಗಿ ಪದಗಳೆಲ್ಲಾ ಅವಳಿ ಜವಳಿ ಥರ. 'ಪಾನಾ' ಕೊಡೋದು, 'ಪೋನಾ' ಒಳ್ಳೇದು, 'ಪೀನಿ' ಮುಗಿದಿದ್ದು, 'ಪೋಕಾ' ಪಕ್ಕ, 'ಪೋಕಿ' ಡಬ್ಬಿ. ಇವನ್ನ ಒಂದೇ ದಿನ ಹಾಕಿದ್ರೆ ತಲೇಲಿ ಕಲಸಿ ಹೋಗುತ್ತೆ, ವಾರ ವಾರ ಬಿಟ್ಟು ಹಾಕಿ. ಕಲಸಿ ಹೋಗಿದ್ರೆ ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ ಒಂದು ಕಾರ್ಡ್ ಮಾಡಿ, 'ಪೋಕಿ ಲಿ ಲೋನ್ ಪೋಕಾ ತೋಮೊ', ಡಬ್ಬಿ ಮನೆ ಪಕ್ಕದಲ್ಲಿದೆ, ಅದ್ರಲ್ಲಿ ಒಂದು ಪದ ಖಾಲಿ ಬಿಟ್ಟು ತುಂಬಿಸಿ. ಎಸ್ಪೆರಾಂಟೊದ ಬಣ್ಣ, ತಿಂಗಳು, ಮೈಯ ಭಾಗ ಇವಕ್ಕೂ ಇದೇ ಮಾತು, ಪಟ್ಟಿ ಪೂರ್ತಿ ಒಂದೇ ದಿನ ಹಾಕ್ಬೇಡಿ.

ಎಂಟು ಸಲ ಮರೆತ ಕಾರ್ಡನ್ನ ಆಂಕಿ ಜಿಗಣೆ ಅಂತ ಗುರುತು ಮಾಡುತ್ತೆ, ಸೆಟ್ಟಿಂಗ್ ಹಾಗಿದ್ರೆ ಪಕ್ಕಕ್ಕೂ ಇಡುತ್ತೆ. ಹಠ ಮಾಡಿ ಅದನ್ನೇ ವಾಪಸ್ ತರ್ಬೇಡಿ, ತಪ್ಪು ನಿಮ್ಮ ತಲೇದಲ್ಲ, ಕಾರ್ಡಿಂದು. ಹರಿದು ಹಾಕಿ ಬೇರೆ ತರ ಬರೀರಿ, ಚಿತ್ರ ಬದಲಾಯಿಸಿ, ವಾಕ್ಯ ಬದಲಾಯಿಸಿ. ವಾಕ್ಯ ಬೇಕಂದ್ರೆ ತತೋಯೆಬಾ ಅನ್ನೋ ಸೈಟಲ್ಲಿ ಎಸ್ಪೆರಾಂಟೊದ್ದು ರಾಶಿ ಇದೆ, ತೋಕಿ ಪೋನಾ, ಲೋಜ್ಬಾನದ್ದೂ ಸಿಗುತ್ತೆ, ಆದ್ರೆ ಹೊಸಬರು ಬರೆದ ತಪ್ಪು ವಾಕ್ಯಗಳೂ ಇರ್ತಾವೆ, ಇನ್ನೊಂದು ಕಡೆ ತಾಳೆ ನೋಡಿ.

ಇನ್ನು ದಿನ ತಪ್ಪೋದು. ಎಲ್ಲರಿಗೂ ತಪ್ಪುತ್ತೆ. ಹತ್ತು ದಿನ ಬಿಟ್ಟು ತೆಗೆದಾಗ ಬೆಟ್ಟದಷ್ಟು ರಿವ್ಯೂ ಕಂಡ್ರೆ ಹೊಸ ಕಾರ್ಡ್ ಸೊನ್ನೆ ಮಾಡಿ, ದಿನಕ್ಕೆ 40ರ ಮೇಲೆ ರಿವ್ಯೂ ತೋರಿಸ್ಬೇಡ ಅಂತ ಮಿತಿ ಹಾಕಿ, ಒಂದೆರಡು ವಾರದಲ್ಲಿ ಅದು ತಾನಾಗೇ ಕರಗುತ್ತೆ. ನಾನು ಆ ಎರಡು ಸಾವಿರ ಚಿಲ್ರೆ ಡೆಕ್ಕಿಗೂ ಇದನ್ನೇ ಮಾಡೋಕೆ ಹೋಗಿ, ಮಧ್ಯದಲ್ಲಿ ಬಿಡಿಸಿದ್ರೆ ಅರ್ಥ ಆಗೋ ಕಾರ್ಡೆಲ್ಲಾ ಒಂದೊಂದಾಗಿ ಡಿಲೀಟ್ ಮಾಡ್ತಾ ಬಂದೆ, ಕೊನೆಗೆ ಉಳಿದಿದ್ದು ಏಳುನೂರರ ಹತ್ರ.